ಮುಳ್ಳು ಸರಿಯಿಲ್ಲ

ಮುದ್ರೆ ಗುಮಾಸ್ತರು ತಮ್ಮ ಐವತ್ತೆರಡು ವರ್ಷದ ಬಾಳಿನಲ್ಲಿ ಯಾವ ವಿಷಯದಲ್ಲೂ ತಜ್ಞರಾಗಿರಲಿಲ್ಲ. ಅದರಿಂದ ಅವರಿಗಾಗಲಿ ಜಗತ್ತಿಗಾಗಲಿ ತೊಂದರೆಯಾಯಿತೆಂದು ಯಾರೂ ದೂರಿರಲಿಲ್ಲ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವರ ಕೆಲಸ ಇಷ್ಟೇ. ಅಂಗಡಿಯವರು ತಂದ ತೂಕದ ಕಲ್ಲನ್ನು ಕಚೇರಿಯ ಹಿತ್ತಾಳೆಯ ಕಲ್ಲಿನ ಎದುರಿಗಿಟ್ಟು ತೂಗುವುದು. ಸರಿಯಿದ್ದರೆ "ಸರಿಯಿದೆ" ಎಂದು ಸುತ್ತಿಗೆಯಿಂದ ಮುದ್ರೆ ಹೊಡೆಯುವುದು. ಇಲ್ಲದಿದ್ದರೆ "ಸರಿಯಿಲ್ಲ" ಎನ್ನುವುದು. ಮೂವತ್ತು ವರ್ಷ ಈ ಎರಡೇ ಮಾತು ಹೇಳಿ ಹೇಳಿ ಅವರ ನಾಲಗೆಗೆ ಮೂರನೆಯ ಅಭಿಪ್ರಾಯ ಹೊರಳದಂತಾಗಿತ್ತು. ಮುಂದಿನ ಅನಾಹುತಕ್ಕೆಲ್ಲ ಮೂಲ ಅದೇ.

ಒಂದು ಭಾನುವಾರ ಸಾಹೇಬರು ಕಚೇರಿಯವರನ್ನೆಲ್ಲ ಮನೆಗೆ ಚಹಾಕ್ಕೆ ಕರೆದಿದ್ದರು. ಚಹಾ ಒಂದು ನೆಪ. ಅಸಲು ವಿಷಯ ಪ್ಲೇಟು. ಸಾಹೇಬರ ತಾಯಿ ಹನ್ನೆರಡನೆಯ ವಯಸ್ಸಿನಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ್ದರಂತೆ. ಆ ಪ್ಲೇಟು ಮನೆಯಲ್ಲಿತ್ತು. ಅರಗಿನ ಕಪ್ಪು ಪ್ಲೇಟು, ಕೈತಪ್ಪಿದರೆ ಚೂರು. ಅದರ ಜೊತೆಗೆ ಹುಟ್ಟಿದ ಪ್ಲೇಟುಗಳೆಲ್ಲ ಯಾರ್‍ಯಾರದೋ ಮನೆಯಲ್ಲಿ ಒಡೆದುಹೋಗಿ, ಉಳಿದದ್ದು ಇದೊಂದೇ ಎಂದು ಸಾಹೇಬರು ಹೇಳುತ್ತಿದ್ದರು. ನಡುವೆ ಅಂಟಿಸಿದ ಕಾಗದದ ಮೇಲೆ "ಕಾಂಪೌಂಡರ ಮಗಳು" ಎಂದು ಅಚ್ಚಾಗಿತ್ತು. ಆ ತಾಯಿಯ, ಅಂದರೆ ಈಗಿನ ಅಜ್ಜಿಯ, ತಂದೆ ಆಸ್ಪತ್ರೆಯಲ್ಲಿ ಔಷಧಿ ಕಲಸುವ ಕಾಂಪೌಂಡರಾಗಿದ್ದರು. ತಮ್ಮ ಮನೆತನದ ರಕ್ತದಲ್ಲೇ ಕಂಠವಿದೆ ಎಂಬುದಕ್ಕೆ ಸಾಹೇಬರು ಈ ಪ್ಲೇಟನ್ನೇ ಸಾಕ್ಷಿ ಮಾಡಿಕೊಂಡು, ಕಚೇರಿಯಲ್ಲಿ ಯಾರು ನಿವೃತ್ತರಾದರೂ ತಾವೇ ಹಾಡುತ್ತಿದ್ದರು. ಹೋದ ವರ್ಷ ಇಬ್ಬರು ತಮ್ಮ ಬೀಳ್ಕೊಡುಗೆಯ ದಿನವೇ ಕಾಯಿಲೆ ರಜೆ ಹಾಕಿದ್ದರು.

ಸಾಹೇಬರ ಅಳಿಯ ಕಳಿಸಿದ್ದ ಹೊಸ ಕರೆಂಟಿನ ಪ್ಲೇಯರ್ ಮೇಲೆ ಪ್ಲೇಟು ತಿರುಗತೊಡಗಿತು. ಕಾದ ಎಣ್ಣೆಗೆ ನೀರು ಚಿಮುಕಿಸಿದ ಹಾಗೆ ಸದ್ದಾಯಿತು. ಆ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ, ಮುಚ್ಚಿದ ಕೋಣೆಯೊಳಗೆ ಯಾರೋ ಯಾರನ್ನೋ ಕರೆದ ಹಾಗಿತ್ತು. ಟೈಪಿಸ್ಟ್ ಕಣ್ಣು ಮುಚ್ಚಿ "ಆಹಾ, ಏನು ಕಂಠ" ಎಂದರು. ಉಳಿದವರೂ ಕಣ್ಣು ಮುಚ್ಚಿದರು. ಕಣ್ಣು ತೆರೆದಿದ್ದವರು ಇಬ್ಬರೇ: ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿ ಮತ್ತು ಆಗತಾನೇ ಒಂದು ದೊಡ್ಡ ಗುಟುಕು ಚಹಾ ಬಾಯಿಗೆ ಹಾಕಿಕೊಂಡಿದ್ದ ಮುದ್ರೆ ಗುಮಾಸ್ತರು.

ಚಹಾ ಕುದಿಯುತ್ತಿತ್ತು. ಉಗುಳೋಣವೆಂದರೆ ಸಾಹೇಬರ ಜಮಖಾನೆ, ನುಂಗೋಣವೆಂದರೆ ಸ್ವಂತ ಗಂಟಲು. ನುಂಗಲಾರದ ಬಿಸಿ ತುಪ್ಪ ಎಂಬ ಗಾದೆ ಚಹಾಕ್ಕೂ ಅನ್ವಯಿಸುತ್ತದೆಂದು ಅವರಿಗೆ ತಿಳಿದದ್ದು ಆಗ. ಮುಖ ಕಿವುಚಿತು, ತಲೆ ಅತ್ತಿತ್ತ ಆಡಿತು, ಕಣ್ಣಲ್ಲಿ ನೀರು ಬಂತು. ಸಾಹೇಬರು ಪ್ಲೇಟು ನಿಲ್ಲಿಸಿದರು.

"ಯಾಕ್ರೀ ಗುಮಾಸ್ತರೇ, ಏನಾಯ್ತು?"

ಗುಮಾಸ್ತರು ಕಷ್ಟಪಟ್ಟು ನುಂಗಿ, ಅಭ್ಯಾಸಬಲದಿಂದ "ಸರಿಯಿಲ್ಲ" ಎಂದರು.

"ಏನು ಸರಿಯಿಲ್ಲ?"

ಚಹಾ ಎಂದರೆ ಅದನ್ನು ಮಾಡಿದವರು ಸಾಹೇಬರ ಹೆಂಡತಿ. ಹಾಡು ಎಂದರೆ ಹಾಡಿದವರು ಸಾಹೇಬರ ತಾಯಿ. ಪ್ಲೇಯರ್ ಎಂದರೆ ಅದು ಸಾಹೇಬರ ಅಳಿಯನದು. ಸಾಹೇಬರಿಗೆ ನೆಂಟಸ್ತನವಿಲ್ಲದ ವಸ್ತು ಯಾವುದಾದರೂ ಆ ಕೋಣೆಯಲ್ಲಿದೆಯೇ ಎಂದು ಗುಮಾಸ್ತರ ಕಣ್ಣು ಹುಡುಕಿತು. ಪ್ಲೇಟಿನ ಮೇಲೆ ತೂಗುತ್ತಿದ್ದ ಸಣ್ಣ ಮುಳ್ಳು ಕಂಡಿತು.

"ಮುಳ್ಳು, ಸಾರ್. ಮುಳ್ಳು ಸರಿಯಿಲ್ಲ."

ಅಜ್ಜಿ ಗುಮಾಸ್ತರನ್ನು ಬಹಳ ಹೊತ್ತು ನೋಡಿದರು. ಸಾಹೇಬರು ಅಜ್ಜಿಯನ್ನು ನೋಡಿದರು. ಸಾಹೇಬರ ಮುಖದಲ್ಲಿ ಭಕ್ತಿ ಮೂಡಿತು.

"ಅಮ್ಮ ಯಾರನ್ನೂ ಹೀಗೆ ನೋಡಿದೋರಲ್ಲ. ಇಷ್ಟು ವರ್ಷ ಅವರ ಮನಸ್ಸಲ್ಲಿದ್ದ ಮಾತನ್ನ ನೀವು ಹೇಳಿಬಿಟ್ರಿ. ನೀವು ಇಷ್ಟು ತಿಳಿದೋರು ಅಂತ ಗೊತ್ತೇ ಇರಲಿಲ್ಲ ನೋಡಿ."

"ಏನೋ ಸಾರ್, ಅಲ್ಪಸ್ವಲ್ಪ," ಎಂದರು ಗುಮಾಸ್ತರು. ಈ ಅಲ್ಪಸ್ವಲ್ಪ ಎಂಬುದನ್ನು ಬೇಡದೆ ಸೇರಿಸಿದ್ದು ಅವರ ಸ್ವಂತ ತಪ್ಪು. ಅದಕ್ಕೆ ಚಹಾವನ್ನು ದೂರುವಂತಿಲ್ಲ.

ಮುಂದಿನ ಭಾನುವಾರ ಅಜ್ಜಿಗೆ ತೊಂಬತ್ತು ತುಂಬುವುದಿತ್ತು. ನಲವತ್ತು ಜನ ನೆಂಟರು ಬರುವವರಿದ್ದರು. ಆವತ್ತು ಸರಿಯಾದ ಮುಳ್ಳು ಹಾಕಿ ಅಮ್ಮನ ದನಿಯನ್ನು ಎಲ್ಲರಿಗೂ ಕೇಳಿಸುವ ಜವಾಬ್ದಾರಿ ಗುಮಾಸ್ತರದೇ ಎಂದು ಸಾಹೇಬರು ಅಲ್ಲೇ ಸಾರಿದರು. ತಪ್ಪು ಮುಳ್ಳು ಬಿದ್ದರೆ ಪ್ಲೇಟಿನ ಗೆರೆ ಹಾಳಾಗುತ್ತದೆ, ಗೆರೆ ಹಾಳಾದರೆ ದನಿ ಹೋಗುತ್ತದೆ, ಇನ್ನೊಂದು ಪ್ಲೇಟಿಲ್ಲ ಎಂಬುದನ್ನೂ ಅವರೇ ವಿವರಿಸಿದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, "ನಿಮ್ಮ ಕಾಲಿಗೆ ಚುಚ್ಚಿದ ಮುಳ್ಳೇ ನಿಮಗೆ ಕಾಣಲ್ಲ, ನಾನು ತೆಗೀಬೇಕು. ನಾಳೆ ಹೋಗಿ ಚಹಾ ಬಿಸಿ ಇತ್ತು ಅಂತ ಹೇಳಿಬಿಡಿ" ಎಂದರು.

"ಈಗ ಹೇಳಿದ್ರೆ ಸುಳ್ಳು ಹೇಳ್ತಿದೀನಿ ಅಂದ್ಕೋತಾರೆ ಕಣೇ."

"ಯಾಕೆ?"

"ಅಷ್ಟು ಚೆನ್ನಾಗಿ ನಂಬಿದಾರೆ."

ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಮರುದಿನ ಗುಮಾಸ್ತರು ತಮ್ಮ ಮೇಜಿಗೆ ಬರುವ ಹೊತ್ತಿಗೆ, ಅವರು ಕಣ್ಣುಮುಚ್ಚಿ ಕೇಳಿಯೇ ಮುಳ್ಳಿನ ವಯಸ್ಸು ಹೇಳುತ್ತಾರೆಂದು ಸುದ್ದಿಯಾಗಿತ್ತು. ಟೈಪಿಸ್ಟ್ ತಮ್ಮ ಹೊಲಿಗೆ ಯಂತ್ರದ ಸೂಜಿ ತಂದು ತೋರಿಸಿದರು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ತಂದು, "ಸರಿಯಿದೆ" ಎಂದರು. ಸಾಹೇಬರು ಅವರಿಗೆ ವಾರವಿಡೀ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟು ಒಂದು ಆದೇಶವನ್ನೇ ಹೊರಡಿಸಿದರು. ಅದರ ತಲೆಬರಹದಲ್ಲಿ "ವಿಷಯ: ಮುಳ್ಳು" ಎಂದಷ್ಟೇ ಇತ್ತು.

ಆ ದಿನವೇ ಸಂಜೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಬಾಗಿಲು ತಟ್ಟಿದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರು ಬಾಗಿಲನ್ನು ಕೂಡ ಒಂದು, ಎರಡು, ಒಂದು ಎಂದು ಲೆಕ್ಕದಲ್ಲಿ ತಟ್ಟುತ್ತಿದ್ದರು. ಬಗಲಲ್ಲಿ ಒಂದು ಹಳೆಯ ಪ್ಲೇಯರ್, ಕೈಯಲ್ಲಿ ಒಂದು ಅರಗಿನ ಪ್ಲೇಟು.

"ಪೊಲೀಸ್ ಬ್ಯಾಂಡಿಂದು. ನಾನು ಇದನ್ನ ಕೇಳಿಕೊಂಡೇ ನಡೆಯೋದು ಕಲಿತದ್ದು. ಈಗೀಗ ಗರಗರ ಅನ್ನುತ್ತೆ. ನೀವೊಂದು ಸಲ ನೋಡಬೇಕು."

ಏನಾದರೂ ಹೇಳಲೇಬೇಕಾಗಿತ್ತು. ಗುಮಾಸ್ತರು ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಮೊದಲು ಕೊಳೆ ತೆಗೀಬೇಕು" ಎಂದರು. ಕಚೇರಿಯಲ್ಲಿ ಹಿತ್ತಾಳೆಯ ಕಲ್ಲುಗಳನ್ನು ಉಜ್ಜಲು ಸ್ಪಿರಿಟ್ ಕೊಡುತ್ತಿದ್ದರು; ಅದರ ಒಂದು ಸೀಸೆ ಮನೆಯಲ್ಲೂ ಇತ್ತು. ಬಟ್ಟೆಗೆ ಸ್ಪಿರಿಟ್ ಹಾಕಿ ಉಜ್ಜಿದರು. ಬಟ್ಟೆ ಕಪ್ಪಾಯಿತು.

"ಎಷ್ಟು ಕೊಳೆ ನೋಡಿ," ಎಂದರು ಗುಮಾಸ್ತರು.

"ಅರವತ್ತು ವರ್ಷದ್ದು," ಎಂದರು ಮೇಷ್ಟ್ರು, ಸ್ವಲ್ಪ ನಾಚಿಕೆಯಿಂದ.

ಇನ್ನೊಂದು ಬಟ್ಟೆ ತಂದರು. ಅದೂ ಕಪ್ಪಾಯಿತು. ಮೂರನೆಯದಕ್ಕೆ ಹೆಂಡತಿಯ ಹಳೆಯ ಸೆರಗು ಹರಿದರು. ಉಜ್ಜಿದಷ್ಟೂ ಕೊಳೆ ಬರುತ್ತಿತ್ತು; ಬಂದಷ್ಟೂ ಇಬ್ಬರಿಗೂ ಹುರುಪು ಬಂತು. ಅರ್ಧ ಗಂಟೆಯಲ್ಲಿ ಪ್ಲೇಟು ಕನ್ನಡಿಯಂತೆ ನುಣುಪಾಯಿತು. ಮೇಷ್ಟ್ರು ಅದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಂಡರು. ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದಾಗ ಮುಳ್ಳು ಯಾವ ಅಡ್ಡಿಯೂ ಇಲ್ಲದೆ ಒಂದು ಅಂಚಿನಿಂದ ನಡುವಿನವರೆಗೆ ಜಾರಿಹೋಯಿತು. ಗರಗರ ಇರಲಿಲ್ಲ. ಬೇರೆ ಏನೂ ಇರಲಿಲ್ಲ.

"ಬ್ಯಾಂಡಿನವರು ಎಲ್ಲಿ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ಗುಮಾಸ್ತರು ನೆಲ ನೋಡಿದರು. ಮೇಷ್ಟ್ರು ಎದ್ದು, ನೆಟ್ಟಗೆ ನಿಂತು, ಎಡಕ್ಕೆ ತಿರುಗಿ ಹೊರಟುಹೋದರು. ಆ ರಾತ್ರಿ ಬೀದಿಯಲ್ಲಿ ಹಳೆಯ ಪ್ಲೇಟು ಇದ್ದವರೆಲ್ಲ ಅವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿಕೊಂಡರು. ಆದರೆ ಸುದ್ದಿ ಸಾಹೇಬರ ಕಿವಿ ಮುಟ್ಟಿದ್ದು ಬೇರೆ ರೂಪದಲ್ಲಿ. "ಅಮ್ಮನ ಪ್ಲೇಟು ಮುಟ್ಟೋ ಮುಂಚೆ ಬೇರೆಯೋರ ಪ್ಲೇಟಿನ ಮೇಲೆ ಪ್ರಯೋಗ ಮಾಡಿ ನೋಡ್ತಿದಾರಂತೆ. ಎಂಥಾ ಎಚ್ಚರಿಕೆ ನೋಡಿ," ಎಂದು ಅವರು ಕಚೇರಿಗೆಲ್ಲ ಹೇಳಿದರು.

ಗುಮಾಸ್ತರಿಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ಅಜ್ಜಿಯ ಪ್ಲೇಟನ್ನೂ ಸ್ಪಿರಿಟ್ ಹಾಕಿ ಉಜ್ಜುವುದೆಂದೇ ಅವರು ಯೋಚಿಸಿದ್ದರು. ಗುರುವಾರ ಅವರು ರೇಡಿಯೋ ರಿಪೇರಿ ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ ಮೂರನೆಯ ಸಲಕ್ಕೆ ಒಳಗೆ ಹೊಕ್ಕರು.

ರಿಪೇರಿಯವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ರೇಡಿಯೋದ ಹೊಟ್ಟೆಯಲ್ಲಿ ಕೈಯಿಟ್ಟಿದ್ದರು. ತಲೆ ಎತ್ತದೆ ಕೇಳಿದರು:

"ಏನು ಬೇಕು ಸ್ವಾಮಿ?"

"ಗ್ರಾಮಫೋನ್ ಮುಳ್ಳು. ಒಳ್ಳೇದು."

"ಒಳ್ಳೇದು ಅಂದ್ರೆ? ಉಕ್ಕಿಂದಾ, ಬಿದಿರಿಂದಾ, ವಜ್ರದ್ದಾ?"

"ನಿಮ್ಮ ಅಭಿಪ್ರಾಯ ಏನು ಅಂತ ತಿಳಿಯೋಣ ಅಂತ ಬಂದೆ."

"ದಪ್ಪ ಎಷ್ಟು?"

"ಸಾಧಾರಣ."

"ಪ್ಲೇಟು ಎಂಥಾದ್ದು?"

ಗುಮಾಸ್ತರು ಯೋಚಿಸಿ, "ಕಪ್ಪಗಿದೆ. ದುಂಡಗಿದೆ" ಎಂದರು.

ರಿಪೇರಿಯವರು ಕಣ್ಣಿನಿಂದ ಭೂತಗನ್ನಡಿ ತೆಗೆದಿಟ್ಟರು. "ಗೊತ್ತಿರೋರು ಮೊದಲು ಪ್ಲೇಟು ತೋರಿಸ್ತಾರೆ, ಆಮೇಲೆ ಮುಳ್ಳು ಕೇಳ್ತಾರೆ. ಕಾಲು ನೋಡದೆ ಚಪ್ಪಲಿ ಕೊಡೋಕಾಗುತ್ತಾ?"

ಆ ಮನುಷ್ಯನಿಗೆ ಬೈಯುವ ಉತ್ಸಾಹಕ್ಕಿಂತ ಹೇಳಿಕೊಡುವ ಉತ್ಸಾಹ ಹೆಚ್ಚಾಗಿತ್ತು. ಸ್ಟೂಲು ಎಳೆದು ಕೂರಿಸಿ ಶುರುಮಾಡಿದರು. ಹಳೇ ಪೆಟ್ಟಿಗೆ ಗ್ರಾಮಫೋನಿಗೆ ಉಕ್ಕಿನ ಮುಳ್ಳು. ಒಂದು ಮುಳ್ಳಿಗೆ ಪ್ಲೇಟಿನ ಒಂದೇ ಮಗ್ಗುಲು. ಹಾಡು ಮುಗಿದ ಕೂಡಲೇ ಬಿಸಾಡಬೇಕು. ಯಾಕೆಂದರೆ ಅರಗಿನಲ್ಲಿ ಕಲ್ಲಿನ ಪುಡಿ ಬೆರೆಸಿರುತ್ತಾರೆ, ಅದು ಮುಳ್ಳನ್ನು ತೇಯುತ್ತದೆ. ತೇಯ್ದ ಮುಳ್ಳನ್ನು ಇನ್ನೊಂದು ಸಲ ಹಾಕಿದರೆ ಅದು ಮುಳ್ಳಲ್ಲ, ಉಳಿ. ಇನ್ನು ಗುಮಾಸ್ತರು ಹೇಳಿದಂಥ ಈಗಿನ ಕರೆಂಟಿನ ಪ್ಲೇಯರಿನಲ್ಲಿ ಬರುವ ಮುಳ್ಳು ಈಚಿನ ಪ್ಲಾಸ್ಟಿಕ್ ಪ್ಲೇಟಿಗೆ ಮಾಡಿದ್ದು, ತೀರಾ ಸಣ್ಣದು. ಹಳೆಯ ಪ್ಲೇಟಿನ ಗೆರೆ ಅಗಲ. ಸಣ್ಣ ಮುಳ್ಳು ಅದರೊಳಗೆ ಬಾವಿಗೆ ಬಿದ್ದ ಹಾಗೆ ತಳಕ್ಕೆ ಬೀಳುತ್ತದೆ.

"ಹಾಡು ಇರೋದು ಗೋಡೆ ಮೇಲೆ ಸ್ವಾಮಿ. ತಳದಲ್ಲಿರೋದು ಕಸ. ನೀವು ಹೇಳೋ ಪ್ಲೇಯರಿನಲ್ಲಿ ಇಷ್ಟು ದಿನ ಕೇಳಿರೋದು ಬರೀ ಕಸ."

"ಅಂದ್ರೆ ಅವರ ಮನೆಯಲ್ಲಿದ್ದ ಮುಳ್ಳು..."

"ಸರಿಯಿಲ್ಲ."

ತಾವು ಆವತ್ತು ಹೇಳಿದ್ದು ನಿಜವೇ ಆಗಿತ್ತೆಂಬ ಆಘಾತವನ್ನು ಗುಮಾಸ್ತರಿಗೆ ತಡೆಯಲಾಗಲಿಲ್ಲ. ಬಾಯಿ ಸುಟ್ಟುಕೊಂಡು ಹೇಳಿದ ಮಾತು ಇಷ್ಟು ಸರಿಯಾಗಿರಬೇಕಾದರೆ, ತಣ್ಣಗೆ ಯೋಚಿಸಿ ಹೇಳಿದ್ದರೆ ತಾವು ಎಲ್ಲಿರುತ್ತಿದ್ದರೋ ಎಂದು ಅವರ ಮನಸ್ಸು ಎಲ್ಲೆಲ್ಲೋ ಓಡಿತು. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ರೇಡಿಯೋಗೆ ಜೀವ ಬಂದು ಅಂಗಡಿ ಕಿತ್ತುಹೋಗುವಂತೆ ಅರಚಿತು. ರಿಪೇರಿಯವರು ಅದನ್ನು ತಡವುತ್ತಲೇ ಮಾತು ಮುಂದುವರಿಸಿದರು. ಗುಮಾಸ್ತರಿಗೆ ಕೇಳಿಸಿದ್ದು "ಸಾಮಾನ್ಯವಾಗಿ ನಡುವಿನದು ಸರಿ. ಆದರೆ ತುಂಬಾ ಸವೆದ ಪ್ಲೇಟಾದ್ರೆ" ಎಂಬಲ್ಲಿಯವರೆಗೆ. ಉಳಿದದ್ದಕ್ಕೆಲ್ಲ ಅವರು ತಲೆಯಾಡಿಸಿದರು. ಮೂರು ಪುಟ್ಟ ಡಬ್ಬಿಗಳಲ್ಲಿ, ಕರೆಂಟಿನ ಪ್ಲೇಯರಿಗೆ ಹಾಕುವ, ಸವೆಯದ ಮೂರು ವಜ್ರದ ಮುಳ್ಳು ಕೈಗೆ ಬಂದವು; ಮೇಲೆ ಚೀಟಿ ಅಂಟಿಸಿತ್ತು: ಸಣ್ಣದು, ನಡುವಿನದು, ದಪ್ಪದು.

"ಸ್ಪಿರಿಟ್ ಹಾಕಿ ಒರೆಸಬಹುದಲ್ಲ?" ಎಂದು ಹೊರಡುವಾಗ ಕೇಳಿದರು.

ರಿಪೇರಿಯವರ ಮುಖ ಬಿಳಿಚಿತು. "ಅರಗು ಕರಗೋದೇ ಸ್ಪಿರಿಟ್ಟಿನಲ್ಲಿ ಸ್ವಾಮಿ. ಬಡಗಿಗಳು ಮೇಜು ಕುರ್ಚಿಗೆ ಬಳಿಯೋ ಪಾಲಿಷು ಅದೇನೇ. ಯಾರಾದ್ರೂ ಹಾಗೆ ಮಾಡಿದಾರಾ?"

"ಇಲ್ಲ ಇಲ್ಲ, ಸುಮ್ಮನೆ ಕೇಳಿದೆ," ಎಂದು ಗುಮಾಸ್ತರು ಬೀದಿಗಿಳಿದರು.

ಕಾಲು ನೋಡಿಯೇ ಚಪ್ಪಲಿ ಕೊಡಬೇಕಲ್ಲ. ಶುಕ್ರವಾರ ಮಧ್ಯಾಹ್ನ, ಸಾಹೇಬರು ಕಚೇರಿಯಲ್ಲಿದ್ದಾಗ, ಗುಮಾಸ್ತರು ಒಂದು ಭೂತಗನ್ನಡಿ ಹಿಡಿದು ಅವರ ಮನೆಗೆ ಹೋದರು. ಅಜ್ಜಿ ಮೂಲೆಯ ಕುರ್ಚಿಯಲ್ಲೇ ಕುಳಿತಿದ್ದರು. ಸೊಸೆಯನ್ನು ಕರೆದು ಹೇಳಿದರು:

"ಇವರಿಗೆ ಚಹಾ ಮಾಡಿಕೊಂಡು ಬಾರಮ್ಮ. ಆರಿಸಿ ಕೊಡು."

ಸೊಸೆ ಒಳಗೆ ಹೋಗುವವರೆಗೆ ಸುಮ್ಮನಿದ್ದು, ಮೆಲ್ಲಗೆ ಕೇಳಿದರು: "ಆವತ್ತು ಬಾಯಿ ಸುಟ್ಟಿತು, ಅಲ್ವೇನಪ್ಪಾ?"

ಗುಮಾಸ್ತರು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. "ನಿಮಗೆ ಹೇಗೆ ಗೊತ್ತಾಯ್ತಮ್ಮಾ?"

"ನಾನು ನೋಡ್ತಿದ್ದೆ. ಸುಳ್ಳು ಹುಟ್ಟೋ ಹೊತ್ತಲ್ಲಿ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು. ಹೇಳಿಬಿಡಬಹುದಿತ್ತಲ್ಲ, ಬಿಸಿ ಇತ್ತು ಅಂತ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಎಲ್ಲರೂ ನಂಬಿಬಿಟ್ರು."

ಅಜ್ಜಿ ತಲೆಯಾಡಿಸಿದರು. ಆ ಉತ್ತರ ಅವರಿಗೆ ಸಂಪೂರ್ಣ ಒಪ್ಪಿಗೆಯಾದಂತಿತ್ತು. ಆಮೇಲೆ ಕುರ್ಚಿಯ ಹಿಡಿ ಹಿಡಿದುಕೊಂಡು ಮುಂದಕ್ಕೆ ಬಾಗಿದರು.

"ಹಾಡಿದ್ದು ನಾನಲ್ಲ. ನಮ್ಮಕ್ಕ. ಅವಳಿಗೆ ಆಗ ಹದಿನಾರು. ನಾನು ಜೊತೆಗೆ ಹೋಗಿದ್ದೆ ಅಷ್ಟೆ. ಹತ್ತೊಂಬತ್ತಕ್ಕೆ ಜ್ವರ ಬಂದು ಹೋಗಿಬಿಟ್ಟಳು. ಮದುವೆಯಾಗಿ ಈ ಮನೆಗೆ ಬರ್ತಾ ಅವಳ ನೆನಪಿಗೆ ಅಂತ ಈ ಪ್ಲೇಟು ಪೆಟ್ಟಿಗೇಲಿ ಹಾಕ್ಕೊಂಡು ಬಂದೆ. ನಮ್ಮತ್ತೆ ನೋಡಿ, ಕಾಂಪೌಂಡರ ಮಗಳು ಅಂತಿದೆಯಲ್ಲ, ಹಾಡಿದ್ದು ನೀನಾ ಅಂದ್ರು. ಹೊಸ ಸೊಸೆ. ಅವರು ನನ್ನ ನೋಡಿ ನಕ್ಕಿದ್ದು ಅದೇ ಮೊದಲು. ತಲೆ ಆಡಿಸಿಬಿಟ್ಟೆ."

"ಆಮೇಲೆ?"

"ಆಮೇಲೆ ಎಲ್ಲರೂ ನಂಬಿಬಿಟ್ರು. ಹಾಡು ಅಂದ್ರೆ ಬಾಣಂತನದಲ್ಲಿ ಗಂಟಲು ಹೋಯ್ತು ಅಂದೆ. ಒಂದು ಸಲ ತಲೆ ಆಡಿಸಿದ್ದಕ್ಕೆ ಎಪ್ಪತ್ತು ವರ್ಷ ಕತ್ತು ನೋವು."

ಗುಮಾಸ್ತರಿಗೆ ಆ ಲೆಕ್ಕದಲ್ಲಿ ತಮ್ಮ ಕತ್ತಿನ ಮುಂದಿನ ಸ್ಥಿತಿ ಕಣ್ಣಿಗೆ ಕಟ್ಟಿತು.

ಅಜ್ಜಿ ಉಳಿದದ್ದನ್ನೂ ಹೇಳಿದರು. ಆ ಕಾಲದಲ್ಲಿ ಕಂಪನಿಯವರಿಗೆ ಇಲ್ಲಿಯ ಭಾಷೆ ಬರುತ್ತಿರಲಿಲ್ಲ. ಯಾರ ಪ್ಲೇಟು ಯಾವುದೆಂದು ಆಮೇಲೆ ಗುರುತು ಸಿಗಲೆಂದು, ಹಾಡಿದವರು ಕೊನೆಯಲ್ಲಿ ತಾವು ಯಾರೆಂದು ಹೇಳಬೇಕಿತ್ತು. ಅಕ್ಕನೂ ಹೇಳಿದ್ದಳು. ಆದರೆ ಅಜ್ಜಿಯ ಯಜಮಾನರು ಒಂದು ಉಕ್ಕಿನ ಮುಳ್ಳಿನಲ್ಲಿ ಆರು ತಿಂಗಳು ತಳ್ಳುವವರು. ಪ್ರತಿ ಸಲ ಕೊನೆಗೆ ಬರುವ ಹೊತ್ತಿಗೆ ಮುಳ್ಳು ಉಳಿಯಾಗಿ, ಕೊನೆಯ ಮಾತೆಲ್ಲ ತೇಯ್ದುಹೋಗಿ ಬುಸ್ ಎನ್ನುವುದಷ್ಟೇ ಉಳಿದಿತ್ತು.

"ಅವರ ಜಿಪುಣತನದಿಂದ ನನ್ನ ಮಾನ ಉಳೀತು. ಈಗ ನೀನು ಬಂದು ಎಲ್ಲಾ ಸರಿ ಮಾಡ್ತೀಯ."

"ನನಗೇನೂ ಗೊತ್ತಿಲ್ಲಮ್ಮಾ," ಎಂದರು ಗುಮಾಸ್ತರು. ಆ ವಾರದಲ್ಲಿ ಅವರು ಆಡಿದ ಮೊದಲ ನಿಜ ಅದು.

"ಅದೇ ನನಗೆ ಭಯ. ಗೊತ್ತಿಲ್ಲದೋರ ಕೈಲೇ ಎಲ್ಲಾ ಸರಿಹೋಗಿಬಿಡೋದು. ನಾಡಿದ್ದು ನಲವತ್ತು ಜನರ ಮುಂದೆ, ತೊಂಬತ್ತರ ಮುದುಕಿ ಸುಳ್ಳು ಹೇಳಿದಾಳೆ ಅನ್ನೋ ಹಾಗೆ ಮಾಡಬೇಡಪ್ಪ. ಸರಿಯಿಲ್ಲದ ಮುಳ್ಳು ಯಾವುದಿದೆಯೋ ಅದನ್ನ ಹಾಕು." ಅಜ್ಜಿಯ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಹಾಡು ಒಂಚೂರು ಕೇಳಿಸಿದ್ರೆ ಚೆನ್ನಾಗಿತ್ತು. ಅವಳ ದನಿ ಹೇಗಿತ್ತು ಅಂತಲೇ ಮರೆತು ಹೋಗಿದೆ ನನಗೆ. ಆದರೆ ಬೇಡ, ಬಿಡು."

ಗುಮಾಸ್ತರು ಆರಿದ ಚಹಾ ಕುಡಿದು ಹೊರಟರು. ತಾವು ತಜ್ಞರೆಂಬ ಸಾಹೇಬರ ನಂಬಿಕೆ ಸುಳ್ಳಾಗಬಾರದು, ಅಜ್ಜಿಯ ಮಾನ ಹೋಗಬಾರದು, ಪ್ಲೇಟಿಗೆ ಗಾಯವಾಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಹಾವು ಒಂದೇ, ಕೋಲು ಒಂದೇ. ಇವರಿಗೆ ಒಂದು ಹೆಚ್ಚು.

ಶನಿವಾರವೆಲ್ಲ ಅವರು ಮೂರು ಡಬ್ಬಿಗಳನ್ನು ಮುಂದಿಟ್ಟುಕೊಂಡು ಕುಳಿತರು. ನಡುವಿನದು ಸರಿ ಎಂದು ರಿಪೇರಿಯವರೇ ಹೇಳಿದ್ದರಿಂದ ಅದನ್ನು ಮೊದಲು ಪಕ್ಕಕ್ಕಿಟ್ಟರು. ಸಣ್ಣದು ಸಾಹೇಬರ ಮನೆಯಲ್ಲಿ ಇದ್ದುದರ ತಮ್ಮನಂತಿತ್ತು. ಅದನ್ನೇ ಮತ್ತೆ ಹಾಕಿದರೆ ಸಾಹೇಬರು ಸುಮ್ಮನಿರುವರೇ? ಉಳಿದದ್ದು ದಪ್ಪದು. ಅದನ್ನು ತಮ್ಮ ಕಸುಬಿನ ಬುದ್ಧಿಯಿಂದ ಪರೀಕ್ಷಿಸಿದರು. ತೂಕದ ಕಲ್ಲಿನ ಹೊಟ್ಟೆಯಲ್ಲಿ ಸೀಸ ತುಂಬಲು ಒಂದು ತೂತಿರುತ್ತದೆ. ಕಚೇರಿಯ ಕಬ್ಬಿಣದ ಕಡ್ಡಿ ಆ ತೂತಿನ ತಳ ಮುಟ್ಟಬೇಕು. ಮುಟ್ಟದಿದ್ದರೆ ಕಲ್ಲು ತಿರಸ್ಕೃತ. ಮೂವತ್ತು ವರ್ಷ ಅವರು ನೋಡಿದ್ದು ಅದೇ. ತಳ ಮುಟ್ಟದ್ದು ಯಾವುದೂ ಕೆಲಸಕ್ಕೆ ಬಾರದು. ದಪ್ಪ ಮುಳ್ಳು ಗೆರೆಯ ತಳ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಮೇಲುಮೇಲೇ ತೇಲಿಕೊಂಡು ಹೋಗಿ, ಎಲ್ಲಿಯೂ ಗಾಯ ಮಾಡದೆ, ಏನನ್ನೂ ಕೇಳಿಸದೆ ಪ್ಲೇಟಿನ ನಡು ಸೇರುತ್ತದೆ. ಪ್ಲೇಟೇ ಮುದಿಯಾಗಿದೆ, ಏನು ಮಾಡುವುದು ಸಾರ್ ಎಂದರಾಯಿತು. ಗುಮಾಸ್ತರು ದಪ್ಪ ಮುಳ್ಳಿನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಭಾನುವಾರ ಸಾಹೇಬರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟು, ಇಂಥ ಕಿವಿ ಲಕ್ಷಕ್ಕೊಂದು ಎಂದು ನೆಂಟರಿಗೆ ಪರಿಚಯಿಸಿದರು. ನಲವತ್ತು ಜನ ಗುಮಾಸ್ತರ ಕಿವಿ ನೋಡಿದರು. ಅವರು ಮುಳ್ಳು ಬದಲಿಸಿ, ಅಜ್ಜಿಯ ಕಡೆ ನೋಡಿ, ಹೆದರಬೇಡಿ ಎಂಬಂತೆ ಕಣ್ಣು ಮಿಟುಕಿಸಿದರು. ಮುಳ್ಳು ಇಳಿಯಿತು.

ಸದ್ದಿಲ್ಲ. ಎಣ್ಣೆ ಕಾದ ಸದ್ದೂ ಇಲ್ಲ. ಗುಮಾಸ್ತರು ಸಮಾಧಾನದ ಉಸಿರು ಬಿಡಲು ಎದೆ ತುಂಬಿಕೊಂಡರು. ಆ ಉಸಿರು ಹೊರಬರಲಿಲ್ಲ.

ಕೋಣೆಯ ನಡುವೆ ಹದಿನಾರರ ಹುಡುಗಿಯೊಬ್ಬಳು ಹಾಡತೊಡಗಿದಳು. ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ, ಪಕ್ಕದಲ್ಲೇ ನಿಂತ ಹಾಗೆ. ಯಜಮಾನರ ಜಿಪುಣ ಮುಳ್ಳುಗಳು ಎಷ್ಟೋ ವರ್ಷ ತಳವನ್ನೂ ಅದರ ಪಕ್ಕದ ಗೋಡೆಯನ್ನೂ ತೇಯ್ದು ಹಾಳುಮಾಡಿದ್ದವು. ಗೋಡೆಯ ಮೇಲುಭಾಗವನ್ನು ಯಾವುದೂ ಮುಟ್ಟಿರಲಿಲ್ಲ. ತುಂಬಾ ಸವೆದ ಪ್ಲೇಟಾದರೆ ದಪ್ಪ ಮುಳ್ಳು ಮಾತ್ರ ಅಲ್ಲಿ ಕೂರುತ್ತದೆ, ದನಿ ಹೊಸದಾಗಿ ಬರುತ್ತದೆ ಎಂದು ರಿಪೇರಿಯವರು ಹೇಳಿದ್ದರು. ಗುಮಾಸ್ತರು ಅದಕ್ಕೆ ತಲೆಯಾಡಿಸಿಯೂ ಇದ್ದರು. ರೇಡಿಯೋ ಅರಚುತ್ತಿದ್ದದ್ದು ಆಗಲೇ.

ಯಾರೂ ಆಹಾ ಎನ್ನಲಿಲ್ಲ. ಎಲ್ಲರಿಗೂ ಅದು ಮರೆತುಹೋಗಿತ್ತು. ಸಾಹೇಬರ ಹೆಂಡತಿ ತಟ್ಟೆ ಹಿಡಿದಲ್ಲೇ ನಿಂತರು. ಅಜ್ಜಿ ಎರಡೂ ಕೈಯನ್ನು ಎದೆಗೊತ್ತಿಕೊಂಡು ಬಾಯಿ ತೆರೆದು ಕುಳಿತಿದ್ದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು; ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.

ಗುಮಾಸ್ತರು ಗಡಿಯಾರ ನೋಡಿದರು. ಒಂದು ಮಗ್ಗುಲಿಗೆ ಮೂರು ನಿಮಿಷ. ಎರಡು ಆಗಲೇ ಆಗಿತ್ತು. ಎದ್ದು ಪ್ಲೇಯರ್ ಕಡೆ ಕೈ ಚಾಚಿದರು. ಸಾಹೇಬರು ಅವರ ಕೈ ಹಿಡಿದು ಕೂರಿಸಿ, "ಕೂತ್ಕೊಳ್ಳಿ. ಇಷ್ಟು ಮಾಡಿ ಈಗ ಸಂಕೋಚ ಯಾಕೆ?" ಎಂದು ಪಿಸುಗುಟ್ಟಿದರು. ಗುಮಾಸ್ತರು ಜೋರಾಗಿ ಕೆಮ್ಮಿದರು. ನಾಲ್ಕು ಜನ ಅವರಿಗೆ ನೀರು ಕೊಟ್ಟರು. ಕೊನೆಯ ಸಾಲು ಮುಗಿಯುತ್ತಿದ್ದಂತೆ ಚಪ್ಪಾಳೆ ಹೊಡೆದುಬಿಡೋಣ ಎಂದುಕೊಂಡರು. ಎರಡೂ ಕೈಯಲ್ಲಿ ನೀರಿನ ಲೋಟಗಳಿದ್ದವು.

ಹಾಡು ನಿಂತಿತು. ಹುಡುಗಿ ಒಮ್ಮೆ ಉಸಿರು ತೆಗೆದುಕೊಂಡು, ಪಾಠ ಒಪ್ಪಿಸುವಂತೆ ಹೇಳಿದಳು: "ಹಾಡಿದವಳು, ಕಾಂಪೌಂಡರ ಹಿರಿಯ ಮಗಳು."

ಸಾಹೇಬರು ತಟಕ್ಕನೆ ಮುಳ್ಳು ಎತ್ತಿದರು. ಅಲ್ಲಿದ್ದ ನಲವತ್ತು ಜನಕ್ಕೂ ಅಜ್ಜಿ ಕಿರಿಯ ಮಗಳೆಂದು ಗೊತ್ತಿತ್ತು. ಹಿರಿಯವಳ ಪಟ ಆ ಕೋಣೆಯ ಗೋಡೆಯ ಮೇಲೇ ಇತ್ತು. ನಲವತ್ತು ತಲೆಗಳು ಪಟದ ಕಡೆ ತಿರುಗಿ, ಅಲ್ಲಿಂದ ಅಜ್ಜಿಯ ಕಡೆ ತಿರುಗಿದವು.

"ಅಮ್ಮಾ?" ಎಂದರು ಸಾಹೇಬರು.

"ಅಕ್ಕನೇ ಕಣೋ," ಎಂದರು ಅಜ್ಜಿ. "ನಾನು ಸುಳ್ಳು ಹೇಳಿದ್ದೆ."

"ಹಾಗಾದ್ರೆ ನನ್ನ ಕಂಠ?"

"ಅದು ನಿಮ್ಮಪ್ಪನ ಕಡೆಯದು. ಅವರೂ ಹಾಗೇ ಹಾಡ್ತಿದ್ರು."

ಸಾಹೇಬರು ಕುರ್ಚಿ ಹುಡುಕಿಕೊಂಡು ಕುಳಿತರು. ಗುಮಾಸ್ತರಿಗೆ ಇನ್ನು ತಡೆಯಲಾಗಲಿಲ್ಲ. ಎರಡು ಲೋಟ ಹಿಡಿದುಕೊಂಡೇ ಎದ್ದು ನಿಂತು, "ಎಲ್ಲಾ ನನ್ನ ತಪ್ಪು ಸಾರ್. ನನಗೆ ಏನೂ ಗೊತ್ತಿಲ್ಲ. ಇದು ಕೆಲಸಕ್ಕೆ ಬಾರದ ಮುಳ್ಳು ಅಂದ್ಕೊಂಡೇ ಹಾಕಿದೆ" ಎಂದರು. ಸಾಹೇಬರು ಅವರನ್ನು ದಣಿದ ಕಣ್ಣಿನಿಂದ ನೋಡಿ, "ನೋಡಿ, ಇಷ್ಟು ತಿಳಿದೋರಿಗೆ ಎಷ್ಟು ವಿನಯ" ಎಂದು ಪಕ್ಕದವರಿಗೆ ಹೇಳಿದರು.

ಅಜ್ಜಿಗೆ ಇದಾವುದರ ಮೇಲೂ ಗಮನವಿರಲಿಲ್ಲ. ಅವರ ಮುಖದಲ್ಲಿ ನಾಚಿಕೆ ಇರಬೇಕಾದ ಜಾಗದಲ್ಲಿ ಬೇರೇನೋ ಇತ್ತು. ಎಪ್ಪತ್ತು ವರ್ಷದ ಭಯ ಎರಡು ಮಾತಿಗೆ ಮುಗಿದುಹೋದದ್ದು ಅವರಿಗೆ ಆಶ್ಚರ್ಯವಾದಂತಿತ್ತು.

"ಮತ್ತೆ ಹಾಕಪ್ಪ," ಎಂದರು ಗುಮಾಸ್ತರಿಗೆ. "ಈ ಸಲ ಪೂರ್ತಿ ಬಿಡು. ಯಾರೂ ಎತ್ತಬೇಡಿ."

ಹುಡುಗಿ ಮತ್ತೆ ಹಾಡಿದಳು, ಮತ್ತೆ ಉಸಿರು ತೆಗೆದುಕೊಂಡಳು. ಹಾಡಿದವಳು, ಕಾಂಪೌಂಡರ ಹಿರಿಯ ಮಗಳು. ಪ್ಲೇಟು ಇನ್ನೂ ಎರಡು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಪ್ಲೇಟಿನೊಳಗೆ ಯಾರೋ ಸಣ್ಣವರು, ತಡೆದು ತಡೆದು ಆಗದೆ ಹೋದವರ ಹಾಗೆ, ಒಂದು ಸೀನು ಸೀನಿದರು.

ಅಜ್ಜಿ ಕುರ್ಚಿಯಲ್ಲಿ ನೆಟ್ಟಗಾದರು.

"ಇದು ಯಾರು?" ಎಂದರು ಸಾಹೇಬರು.

"ನಾನು. ಮೂಲೇಲಿ ನಿಲ್ಲಿಸಿದ್ರು, ಉಸಿರಾಡಬೇಡ ಅಂದಿದ್ರು. ಹೊರಗೆ ಬಂದ ಮೇಲೆ ಅಪ್ಪ ತಲೆ ಮೇಲೆ ಒಂದು ಬಿಟ್ಟರು. ಪ್ಲೇಟಿಗೆ ಬಿತ್ತೋ ಇಲ್ಲವೋ ಅಂತ ಇವತ್ತಿನ ತನಕ ಗೊತ್ತಿರಲಿಲ್ಲ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಲವತ್ತು ಜನರನ್ನೂ ಒಂದು ಸುತ್ತು ನೋಡಿದರು. "ಪ್ಲೇಟಲ್ಲಿ ನಾನಿದೀನಿ ಅಂತ ಎಪ್ಪತ್ತು ವರ್ಷದಿಂದ ಹೇಳ್ತಾನೇ ಇದೀನಲ್ಲ."

ಆ ದಿನ ಪ್ಲೇಟನ್ನು ಹನ್ನೊಂದು ಸಲ ಹಾಕಿದರು. ಹಾಡು ಬಂದಾಗ ಅಜ್ಜಿ ಅಕ್ಕನ ಪಟ ನೋಡುತ್ತ ಕುಳಿತಿರುತ್ತಿದ್ದರು. ಕೊನೆ ಹತ್ತಿರವಾದಂತೆ ಒಂದು ಬೆರಳೆತ್ತಿ, ಮಾತಾಡುತ್ತಿದ್ದವರನ್ನೆಲ್ಲ ಸುಮ್ಮನಾಗಿಸುತ್ತಿದ್ದರು.